ಸಣ್ಣ ಹೆಣಿಗೆಗೆ ಯಾವ ತೊಗಲು?

ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದರೆ ಬಾರುಕೋಲು ಮಾರುವವರ ಮುಂದೆ ನಾನು ಅರ್ಧ ಗಂಟೆಯಾದರೂ ನಿಲ್ಲುತ್ತೇನೆ. ಒಂದನ್ನು ಕೈಗೆ ತೆಗೆದುಕೊಂಡರೆ ಸಾಕು, ತೊಗಲು ಎಂಥದ್ದು ಅಂತ ಬೆರಳಿಗೇ ತಿಳಿಯುತ್ತದೆ. ತೊಗಲನ್ನು ಎಳೆಯಾಗಿ ಕೊಯ್ದು ಹೆಣೆಯುವ ಎಂಟು ಎಳೆಯ ಸಣ್ಣ ಹೆಣಿಗೆ ಕಲಿಯಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ಈ ಬೆರಳಿನ ಲೆಕ್ಕವನ್ನು.

ಇದು ಹದ ಮಾಡದ ತೊಗಲಿನ ಮಾತು. ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದ್ದು. ತಮಟೆಗೆ ಬಿಗಿಯುವುದೂ ಇಂಥದ್ದೇ. ಚಪ್ಪಲಿಯ ಹದವಾದ ಚರ್ಮ ಒಣಗಿದರೂ ಹೀಗೆ ಗಟ್ಟಿಯಾಗಿ ಕೂರುವುದಿಲ್ಲ.

ಮೊದಲು, ಯಾವ ಪ್ರಾಣಿಯದು ಎಂದು ಕೇಳಿ. ಎಮ್ಮೆಯದು ದಪ್ಪ, ನಾರೂ ಒರಟು. ಭಾರ ಎಳೆಯುವ ಹಗ್ಗಕ್ಕೆ ಸರಿ, ಸಣ್ಣ ಕೆಲಸಕ್ಕೆ ಬೇಡ. ನಮ್ಮ ಶಿರಾ, ಪಾವಗಡ ಕಡೆ ಕುರಿಯ ತೊಗಲು ಸುಲಭಕ್ಕೆ ಸಿಗುತ್ತದೆ. ಬೆಲೆ ಕಡಿಮೆ ಅಂತ ನಾನೂ ಒಮ್ಮೆ ತಂದೆ. ಮೂರನೆಯ ಸುತ್ತಿಗೆ ಎಳೆ ಈರುಳ್ಳಿ ಸಿಪ್ಪೆಯ ಹಾಗೆ ಎರಡು ಪದರವಾಗಿ ಬಿಟ್ಟುಕೊಂಡಿತು. ಕುರಿಯ ಚರ್ಮದಲ್ಲಿ ಮೇಲಿನ ಪದರಕ್ಕೂ ಕೆಳಗಿನದಕ್ಕೂ ನಡುವೆ ಕೊಬ್ಬು ಕೂತಿರುತ್ತದೆ, ಹಿಡಿತ ಕಡಿಮೆ. ಮೇಕೆಯ ನಾರು ಒತ್ತೊತ್ತಾಗಿರುತ್ತದೆ. ಮೇಕೆಯದನ್ನೇ ಆರಿಸಿ. ಬಲಿತ ಹೋತದ ಕುತ್ತಿಗೆ ದಪ್ಪವಾಗಿರುವುದರಿಂದ ಮಧ್ಯಮ ವಯಸ್ಸಿನದು ಒಳ್ಳೆಯದು. ಎರಡು ಮೂರು ಪೋಸ್ಟ್ ಕಾರ್ಡ್ ಒತ್ತಿ ಹಿಡಿದಷ್ಟು, ಅಂದರೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪವಿದ್ದರೆ ಸಾಕು.

ಆಮೇಲೆ ತೊಗಲನ್ನು ಬಿಸಿಲಿಗೆ ಎತ್ತಿ ಹಿಡಿಯಿರಿ. ಈ ಹೆಜ್ಜೆಯನ್ನು ಮಾತ್ರ ಯಾರೂ ಬಿಡಬಾರದು. ಬೆಳಕು ಎಲ್ಲ ಕಡೆ ಒಂದೇ ಸಮ ತೂರಿ ಬರಬೇಕು. ಗೀರಿನಂತೆ ಹೊಳೆಯುವ ಗೆರೆ ಕಂಡರೆ ಅದು ಸುಲಿಯುವಾಗ ಬಿದ್ದ ಚೂರಿಯ ಪೆಟ್ಟು, ಎಳೆ ಸರಿಯಾಗಿ ಅಲ್ಲೇ ಹರಿಯುತ್ತದೆ. ಗಾಜಿನಂತೆ ಹಳದಿಯಾಗಿ ಮಿಂಚುವ ತೇಪೆಗಳಿದ್ದರೆ ಉರಿಬಿಸಿಲಲ್ಲಿ ಒಣಗಿಸಿದ್ದಾರೆ ಎಂದು ತಿಳಿಯಿರಿ. ಅಂಥ ಜಾಗ ಬೆಂದು ಅಂಟಿನಂತಾಗಿರುತ್ತದೆ, ಮಡಚಿದರೆ ಲಟಕ್ಕೆಂದು ಮುರಿಯುತ್ತದೆ. ನೆರಳಲ್ಲಿ ಒಣಗಿದ್ದು ಹಾಲು ಬೆರೆಸಿದಂಥ ಬಣ್ಣಕ್ಕಿರುತ್ತದೆ. ಕೊಳೆತ ವಾಸನೆ ಬಂದರೆ ಬೆಲೆಯನ್ನೇ ಕೇಳಬೇಡಿ.

ಹೊಟ್ಟೆಯ ಭಾಗ ಜಗ್ಗುತ್ತದೆ, ಕತ್ತರಿಸಿ ಪಕ್ಕಕ್ಕಿಡಿ. ಬೆನ್ನಿನ ಎರಡೂ ಬದಿಯದೇ ನಿಮಗೆ ಬೇಕಾದದ್ದು. ಅದನ್ನು ದುಂಡಗೆ ಮಾಡಿಕೊಂಡು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಕೊಯ್ದರೆ ಎಳೆ ಉದ್ದವಾಗಿ ಬರುತ್ತದೆ. ಅಗಲ ಎರಡರಿಂದ ಮೂರು ಮಿಲಿಮೀಟರ್ ಇರಲಿ.

ಮೊದಲ ಸಲ ಒಂದೇ ತೊಗಲು ಕೊಳ್ಳಿ. ಒಂದು ಎಳೆ ಕೊಯ್ದು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ರಾತ್ರಿಯೆಲ್ಲ ಸುತ್ತಿಡಿ. ನೀರು ಸುರಿಯುವಷ್ಟು ಒದ್ದೆಯಲ್ಲಿ ಹೆಣೆದರೆ ಒಣಗಿದ ಮೇಲೆ ಎಳೆ ಸೊರಗಿ ಸಂದು ಬಿಡುತ್ತದೆ, ಮುಟ್ಟಿದರೆ ತಂಪಾಗಿರಬೇಕು ಅಷ್ಟೆ. ಅದನ್ನು ಪೆನ್ಸಿಲ್ಲಿಗೆ ಬಿಗಿಯಾಗಿ ಗಂಟು ಹಾಕಿ ನೆರಳಲ್ಲಿ ಬಿಡಿ. ಎರಡು ದಿನದ ಮೇಲೆ ಗಂಟು ಉಗುರಿಗೆ ಜಗ್ಗದೆ, ಅಂಚಿನಲ್ಲಿ ಸೀಳದೆ ಕೂತಿದ್ದರೆ ಅದೇ ವ್ಯಾಪಾರಿಯ ಬಳಿ ಹೋಗಿ ಉಳಿದದ್ದನ್ನು ತನ್ನಿ.