ವಸಡು ಸರಿದ ಜಾಗದಲ್ಲೇ ಕಾರಣ ಹುಡುಕಿ

ಬೆಳಕಿನಲ್ಲಿ ಕನ್ನಡಿ ಹಿಡಿದು ತುಟಿ ಎತ್ತಿ ನೋಡಿ. ಹಲ್ಲಿನ ಬಿಳಿ ಭಾಗಕ್ಕೂ ವಸಡಿಗೂ ನಡುವೆ ಹಳದಿ ಪಟ್ಟಿ ಕಂಡರೆ ಅದು ಬೇರು. ಯಾವ ಹಲ್ಲಿನಲ್ಲಿ ಕಾಣುತ್ತದೆ ಎಂಬುದೇ ಅರ್ಧ ಉತ್ತರ.

ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳ ಹೊರಬದಿಯಲ್ಲಿ, ರಕ್ತ ಬಾರದೆ, ಗುಲಾಬಿ ಬಣ್ಣದ ವಸಡು ಸರಿದಿದ್ದರೆ ಉಜ್ಜುವ ರಭಸವನ್ನು ಅನುಮಾನಿಸಿ. ಬಲಗೈಯವರಿಗೆ ಇದು ಹೆಚ್ಚಾಗಿ ಎಡಗಡೆ. ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ ತಿಕ್ಕುವವರಿಗೂ ಇದೇ ಗತಿ. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಜಗಿದು ಪೂರ್ತಿ ಮೆತ್ತಗಾಗಿಸಿ, ಅಡ್ಡ ತಿಕ್ಕಬೇಡಿ.

ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಲ್ಲಿ ಪಾಚಿ ಗಟ್ಟಿಯಾಗಿ, ಉಗುಳಿದಾಗ ರಕ್ತ ಬಂದರೆ ಅದು ವಸಡಿನ ರೋಗ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ ಬೇಗ ಬಲಿಯುತ್ತದೆ. ಗಟ್ಟಿ ಪಾಚಿ ಬ್ರಷ್‌ಗೆ ಹೋಗದು, ಸ್ಕೇಲಿಂಗ್ (ದಂತವೈದ್ಯರು ಉಪಕರಣದಿಂದ ಪಾಚಿ ಕೆರೆದು ತೆಗೆಯುವುದು) ಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆಂಬ ಮಾತು ಸುಳ್ಳು: ಪಾಚಿ ಹೋಗಿ ಬಾವು ಇಳಿದಾಗ ಮೊದಲೇ ಇದ್ದ ಸಂದಿ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಸ್ಕೇಲಿಂಗ್ ಮಾಡಿಸಲು ಕಲಬುರಗಿ, ಬೀದರ್ ಎರಡೂ ಕಡೆ ದಂತ ಕಾಲೇಜುಗಳಿವೆ. ಯಾದಗಿರಿಯವರಿಗೆ ಕಲಬುರಗಿ ಹತ್ತಿರ.

ಸುಣ್ಣ ಬೆರೆಸಿದ ತಂಬಾಕನ್ನು ತುಟಿ ಸಂದಿಗಿಡುವವರಿಗೆ ಇಟ್ಟ ಜಾಗದಲ್ಲೇ ವಸಡು ಸರಿಯುತ್ತದೆ. ಜಾಗ ಬದಲಿಸಿದರೆ ಇನ್ನೊಂದು ಕಡೆ ಕೆಡುತ್ತದೆ, ಬಿಡುವುದೊಂದೇ ದಾರಿ. ಅಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ 2 ವಾರ ದಾಟಿದರೆ ತೋರಿಸಲೇಬೇಕು.

ಉಜ್ಜುವ ಕ್ರಮ ಹೀಗೆ. ಸಾಫ್ಟ್ ಬ್ರಷ್, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಎಳೆಗಳನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಇಟ್ಟ ಜಾಗದಲ್ಲೇ ಸಣ್ಣಗೆ ಅಲುಗಿಸಿ, ನಂತರ ಹಲ್ಲಿನ ತುದಿಯ ಕಡೆಗೆ ಎಳೆಯಿರಿ. ಮುಷ್ಟಿ ಬೇಡ, ಪೆನ್ನಿನಂತೆ ಹಿಡಿದರೆ ಒತ್ತಡ ತಾನಾಗಿ ಇಳಿಯುತ್ತದೆ. ದಿನಕ್ಕೆ 2 ಸಲ, 2 ನಿಮಿಷ. 3 ತಿಂಗಳೊಳಗೇ ಎಳೆಗಳು ಹೊರಗೆ ಬಾಗಿದರೆ ಇನ್ನೂ ಜೋರಾಗಿ ಉಜ್ಜುತ್ತಿದ್ದೀರಿ. ನಿಂಬೆ, ಹುಣಸೆ ತಿಂದ ಮೇಲೆ ಅರ್ಧ ಗಂಟೆ ತಡೆಯಿರಿ. ಹುಳಿಗೆ ಮೆತ್ತಗಾದ ಬೇರು ಬೇಗ ಸವೆಯುತ್ತದೆ.

ತಣ್ಣೀರಿಗೆ ಜುಮ್ ಎಂದರೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಕೆಲವು ವಾರ ಬಿಡದೆ ಬಳಸಿ, 2 ದಿನದಲ್ಲಿ ಫಲ ಕಾಣದು. ಸರಿದ ವಸಡು ಎಣ್ಣೆ, ಲವಂಗದಿಂದ ಮರಳಿ ಬೆಳೆಯುವುದಿಲ್ಲ. ಬೇರು ತುಂಬಾ ಬಯಲಾಗಿದ್ದರೆ ಅಂಗುಳಿನಿಂದ ತೆಳು ಪದರ ತೆಗೆದು ಹೊಲಿಯುವ ಶಸ್ತ್ರಚಿಕಿತ್ಸೆಯಿದೆ. ಆದರೆ ಜೋರಾಗಿ ಉಜ್ಜುವ ಚಾಳಿ ಬಿಡದವರಿಗೆ, ತಂಬಾಕು ಬಿಡದವರಿಗೆ ಹೊಲಿದ ಪದರ ಉಳಿಯುವುದು ಕಷ್ಟ.