ಕಣ್ಣಿಗೆ ಲೇಸರ್ ಮಾಡಿಸ್ಕೊಳ್ಳೋಕೆ ಮುಂಚೆ ಏನು, ಆಮೇಲೆ ಏನು

ಕನ್ನಡಕ ತೆಗೆಸ್ಬೇಕು ಅಂತ ಅನ್ಕೊಂಡಿರೋರು ಯಾರೇ ಸಿಗ್ಲಿ, ಮೊದ್ಲು ಕೇಳೋದು ನೋವಾಗುತ್ತಾ ಅಂತ, ಆಮೇಲೆ ಎಷ್ಟಾಗುತ್ತೆ ಅಂತ. ಎರಡೂ ಕೇಳ್ಬೇಕಾಗಿರೋದೇ, ಆದ್ರೆ ಅದಕ್ಕಿಂತ ಮುಂಚೆ ಕೇಳ್ಬೇಕಾಗಿರೋದು ನನ್ನ ಕಣ್ಣಿಗೆ ಇದು ಆಗಿಬರುತ್ತಾ ಅನ್ನೋದು. ಆಪರೇಷನ್ ಎರಡೂ ಕಣ್ಣು ಸೇರಿ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಮುಗಿದುಹೋಗುತ್ತೆ, ಆ ಅರ್ಧ ಗಂಟೇಲಿ ನಿಮ್ಮ ಕೈಲಿರೋದು ತುಂಬಾ ಕಡಿಮೆ. ನಿಮ್ಮ ಕೈಲಿರೋದು ಮುಂಚಿನ ಟೆಸ್ಟುಗಳು ಮತ್ತೆ ಆಮೇಲಿನ ತಿಂಗಳುಗಳ ಆರೈಕೆ, ಹಂಗಾಗಿ ನಾನು ಜಾಸ್ತಿ ಅದರ ಬಗ್ಗೆನೇ ಬರೀತೀನಿ.

ಲೇಸರ್ ಏನು ಮಾಡುತ್ತೆ ಅಂತ ಚೂರು ತಿಳ್ಕೊಳ್ಳಿ, ಇಲ್ಲಾಂದ್ರೆ ಡಾಕ್ಟ್ರು ಹೇಳೋದು ತಲೆಗೆ ಹೋಗಲ್ಲ. ಕಣ್ಣಿನ ಮುಂದಿರೋ ಪಾರದರ್ಶಕ ಪದರ ಕಾರ್ನಿಯಾ, ಅದರ ದಪ್ಪ ಸುಮಾರು 540 ಮೈಕ್ರಾನ್, ಅಂದ್ರೆ ಅರ್ಧ ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ. ಅದನ್ನ ಲೇಸರ್‌ನಿಂದ ತೆಳು ಮಾಡಿ ಆಕಾರ ಬದಲಾಯಿಸ್ತಾರೆ, ಅಷ್ಟೇ. ಮೂರು ರೀತಿ ಜಾಸ್ತಿ ಕೇಳಿಬರುತ್ತೆ. ಲ್ಯಾಸಿಕ್‌ನಲ್ಲಿ ಮೇಲಿನ ಪದರವನ್ನ ಮುಚ್ಚಳದ ತರ ಎತ್ತಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ತಾರೆ, ಆ ಮುಚ್ಚಳಕ್ಕೆ ಫ್ಲಾಪ್ ಅಂತಾರೆ. ಸ್ಮೈಲ್‌ನಲ್ಲಿ ಫ್ಲಾಪ್ ಇಲ್ಲ, ಒಳಗೇ ಒಂದು ತೆಳು ಬಿಲ್ಲೆ ಕೊರೆದು ಕೆಲವೇ ಮಿಲಿಮೀಟರ್ ಸೀಳಿನಿಂದ ಹೊರಗೆ ತೆಗೀತಾರೆ. ಪಿಆರ್‌ಕೆ ಹಳೇ ವಿಧಾನ, ಮೇಲಿನ ಸಿಪ್ಪೆಯಂಥ ಪದರ ತೆಗೆದು ನೇರವಾಗಿ ಲೇಸರ್ ಹಾಕ್ತಾರೆ, ಆ ಪದರ ಮತ್ತೆ ತಾನಾಗೇ ಬೆಳೀಬೇಕು, ಅದಕ್ಕೇ ನೋವೂ ಜಾಸ್ತಿ ದಿನಾನೂ ಜಾಸ್ತಿ. ಆದ್ರೂ ಕಾರ್ನಿಯಾ ತೆಳು ಇರೋರಿಗೆ, ಕಣ್ಣಿಗೆ ಏಟು ಬೀಳೋ ಕೆಲಸ ಅಥವಾ ಆಟದಲ್ಲಿರೋರಿಗೆ ಡಾಕ್ಟ್ರು ಪಿಆರ್‌ಕೆನೇ ಹೇಳಬಹುದು, ಹಳೇದು ಅಂತ ಕೀಳಾಗಿ ನೋಡ್ಬೇಡಿ.

ಕಣ್ಣು ಸುಟ್ಟುಹೋಗಲ್ವಾ ಅಂತ ಹೆದ್ರೋರಿಗೆ ಒಂದು ಮಾತು. ಲ್ಯಾಸಿಕ್‌ಗೂ ಪಿಆರ್‌ಕೆಗೂ ಬಳಸೋ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರ್‌ದು, ಅದು ಸುತ್ತಲಿನ ಭಾಗವನ್ನ ಬಿಸಿ ಮಾಡದೆ ಬೇಕಾದಷ್ಟನ್ನೇ ತೆಗೆಯುತ್ತೆ. ಲೇಸರ್‌ನ ಈ ಗುಣವನ್ನ 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬ್‌ನಲ್ಲಿ ಕಂಡುಹಿಡಿದ ಮೂವರಲ್ಲಿ ಒಬ್ರು ಮದ್ರಾಸಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿ ಮಾಂಸದ ಮೇಲೆ ಮೊದಲ ಪ್ರಯೋಗ ಮಾಡಿದ್ರು. ಆಪರೇಷನ್ ಟೈಮಲ್ಲಿ ಕೂದಲು ಸುಟ್ಟಂಗೆ ವಾಸನೆ ಬರುತ್ತೆ, ಆದ್ರೆ ಏನೂ ಸುಡ್ತಿರಲ್ಲ.

ಈಗ ಟೆಸ್ಟ್ ವಿಷಯ. 18 ವರ್ಷ ಆಗಿರ್ಬೇಕು ಅನ್ನೋದು ಎಲ್ರಿಗೂ ಗೊತ್ತು, ಅದಕ್ಕಿಂತ ಮುಖ್ಯ ಕಳೆದ ಒಂದು ವರ್ಷದಲ್ಲಿ ಪವರ್ ಹೆಚ್ಚುಕಮ್ಮಿ ನಿಂತಿರ್ಬೇಕು, ಅರ್ಧ ಪಾಯಿಂಟ್‌ಗಿಂತ ಜಾಸ್ತಿ ಬದಲಾಗಿರ್ಬಾರ್ದು, ಅದಕ್ಕೆ ಹಳೇ ಕನ್ನಡಕದ ಚೀಟಿ ಹುಡುಕಿ ತಗೊಂಡು ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಟೆಸ್ಟಿಗೆ ಮುಂಚೆ ಬಿಡ್ಬೇಕು, ಸಾಫ್ಟ್ ಲೆನ್ಸ್ ಆದ್ರೆ ಒಂದರಿಂದ ಎರಡು ವಾರ, ಗಟ್ಟಿ ಲೆನ್ಸ್ ಆದ್ರೆ ಮೂರು ನಾಲ್ಕು ವಾರ, ಯಾಕಂದ್ರೆ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಒತ್ತಿ ಬದಲಾಯಿಸಿರುತ್ತೆ, ಆ ತಪ್ಪು ಅಳತೆ ಮೇಲೆ ಲೇಸರ್ ಹಾಕಿದ್ರೆ ರಿಸಲ್ಟೂ ತಪ್ಪೇ. ನಿನ್ನೆ ತನಕ ಲೆನ್ಸ್ ಹಾಕಿ ಇವತ್ತು ಹಾಕಿಲ್ಲ ಅಂತ ಸುಳ್ಳು ಹೇಳೋರಿದ್ದಾರೆ, ದಯವಿಟ್ಟು ಹಂಗೆ ಮಾಡ್ಬೇಡಿ.

ಟೆಸ್ಟುಗಳಲ್ಲಿ ತುಂಬಾ ಮುಖ್ಯವಾದದ್ದು ಕಾರ್ನಿಯಾದ ಮ್ಯಾಪ್ ತೆಗೆಯೋದು, ಟೊಪೋಗ್ರಫಿ ಅಂತಲೋ ಪೆಂಟಾಕ್ಯಾಮ್ ಅಂತಲೋ ಹೇಳ್ತಾರೆ. ಇದು ಹುಡುಕೋದು ಕೆರಟೊಕೋನಸ್ ಅನ್ನೋ ತೊಂದರೇನ, ಕಾರ್ನಿಯಾ ನಿಧಾನಕ್ಕೆ ತೆಳುವಾಗಿ ಮುಂದಕ್ಕೆ ಚೂಪಾಗೋದು. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಲ್ಲಿ ಶುರುವಾಗುತ್ತೆ, ಅಲರ್ಜಿ ಇದ್ದು ಸದಾ ಕಣ್ಣು ಉಜ್ಜೋರಲ್ಲಿ ಜಾಸ್ತಿ. ಇದು ಶುರುವಾಗಿರೋ ಕಣ್ಣಿಗೆ ಗೊತ್ತಿಲ್ದೆ ಲೇಸರ್ ಹಾಕಿದ್ರೆ ಕಾರ್ನಿಯಾ ಇನ್ನೂ ಸೋತು ಉಬ್ಬುತ್ತೆ, ಆಮೇಲೆ ಕನ್ನಡಕ ಹಾಕಿದ್ರೂ ಸರಿಯಾಗಿ ಕಾಣಲ್ಲ. ಮನೇಲಿ ಯಾರಿಗಾದ್ರೂ ಇದ್ರೆ ನೀವಾಗೇ ಹೇಳಿ, ಚಿಕ್ಕವಯಸ್ಸಲ್ಲಿ ಕಣ್ಣು ಉಜ್ಜೋ ಅಭ್ಯಾಸ ಇತ್ತಾ ಅದನ್ನೂ ಹೇಳಿ. ಜೊತೆಗೆ ಒಂದು ಲೆಕ್ಕ ಕೇಳಿ, ಲೇಸರ್ ಆದ್ಮೇಲೆ ಕೆಳಗೆ ಎಷ್ಟು ಮೈಕ್ರಾನ್ ಉಳಿಯುತ್ತೆ ಅಂತ. ಒಂದು ಪಾಯಿಂಟ್ ಪವರ್‌ಗೆ ಹತ್ತಿರ ಹತ್ತಿರ 12ರಿಂದ 15 ಮೈಕ್ರಾನ್ ಹೋಗುತ್ತೆ, ಲ್ಯಾಸಿಕ್ ಫ್ಲಾಪ್ ಸುಮಾರು 100ರಿಂದ 120. ಉಳಿಯೋದು 250ಕ್ಕಿಂತ ಕಡಿಮೆ ಆಗ್ಬಾರ್ದು ಅನ್ನೋದು ಹಳೇ ಲೆಕ್ಕ, ಈಗ ಸುಮಾರು ಡಾಕ್ಟ್ರು 300 ಇರ್ಲಿ ಅಂತಾರೆ. ಈ ನಂಬರ್ ಕೇಳಿದ್ರೆ ಒಳ್ಳೆ ಡಾಕ್ಟ್ರು ಬೇಜಾರು ಮಾಡ್ಕೊಳ್ಳಲ್ಲ, ಕೂರಿಸ್ಕೊಂಡು ತೋರಿಸ್ತಾರೆ.

ಕಣ್ಣೀರು ಎಷ್ಟು ಬರುತ್ತೆ ಅಂತ ಪೇಪರ್ ಪಟ್ಟಿ ಇಟ್ಟು ನೋಡ್ತಾರೆ, ಮೊದ್ಲೇ ಡ್ರೈ ಇರೋ ಕಣ್ಣಿಗೆ ಲೇಸರ್ ಆದ್ರೆ ಇನ್ನೂ ಡ್ರೈ ಆಗುತ್ತೆ, ಅದನ್ನ ಮೊದ್ಲು ಸರಿಮಾಡ್ಕೊಂಡು ಆಮೇಲೆ ಆಪರೇಷನ್. ಪಾಪೆ ದೊಡ್ಡದು ಮಾಡೋ ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗದ ಪರದೆ, ಅಂದ್ರೆ ರೆಟಿನಾ ನೋಡ್ತಾರೆ, ಅವತ್ತು ಗಂಟೆಗಟ್ಲೆ ಮಂಜು ಮಂಜು, ಗಾಡಿ ಓಡಿಸ್ಕೊಂಡು ಹೋಗ್ಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೋತಿದ್ರೆ, ಶುಗರ್ ಕಂಟ್ರೋಲಲ್ಲಿ ಇಲ್ದಿದ್ರೆ, ರುಮಟಾಯ್ಡ್ ಸಂಧಿವಾತ ಇದ್ರೆ, ಕಣ್ಣಿಗೆ ಹರ್ಪಿಸ್ ಅನ್ನೋ ವೈರಸ್ ಸೋಂಕು ಆಗಿದ್ರೆ ಎಲ್ಲಾ ಹೇಳಿ. ಬಸುರಿ, ಬಾಣಂತಿ, ಹಾಲುಣಿಸ್ತಿರೋರು ಕಾಯ್ಬೇಕು, ಆ ಟೈಮಲ್ಲಿ ಪವರ್ರೇ ಏರಿಳಿಯುತ್ತೆ.

ಟೆಸ್ಟ್ ಎಲ್ಲಾ ಆಗಿ ಡಾಕ್ಟ್ರು ಬೇಡ ಅಂದ್ರೆ ಒಪ್ಕೊಳ್ಳಿ. ನನ್ನ ತಂಗಿಗೆ ಬೇಡ ಅಂದಿದ್ರು, ಅವಳು ಅವತ್ತು ಅತ್ತಳು, ಆದ್ರೆ ಆ ಡಾಕ್ಟ್ರ ಮೇಲೆ ನಮ್ಮನೇಲಿ ಇವತ್ತಿಗೂ ಗೌರವ ಇದೆ. ಒಬ್ರು ಬೇಡ ಅಂದ್ರು ಅಂತ ಮಾಡ್ತೀನಿ ಅನ್ನೋರು ಸಿಗೋ ತನಕ ಆಸ್ಪತ್ರೆ ಆಸ್ಪತ್ರೆ ಸುತ್ತೋದು ಅಪಾಯ. ಕಣ್ಣೊಳಗೆ ಲೆನ್ಸ್ ಇಡೋ ಐಸಿಎಲ್ ಅಂತ ಬೇರೆ ದಾರಿ ಇದೆ, ಅದರ ಬಗ್ಗೆ ಕೇಳಿ, ಅದೂ ಆಗಲ್ಲ ಅಂದ್ರೆ ಕನ್ನಡಕ ಇದ್ದೇ ಇದೆ.

ನಲವತ್ತರ ಹತ್ತಿರ ಇರೋರು ಇನ್ನೊಂದು ಯೋಚಿಸ್ಬೇಕು. ಲೇಸರ್ ದೂರದ ಸೈಟ್ ತೆಗೆಯುತ್ತೆ, ಚಾಳೀಸು ಬರೋದನ್ನ ತಡೆಯಲ್ಲ. ಮೈನಸ್ ಎರಡು ಇರೋರು ಈಗ ಕನ್ನಡಕ ತೆಗೆದಿಟ್ಟು ಪೇಪರ್ ಓದ್ತಾರಲ್ಲ, ಲೇಸರ್ ಆದ್ಮೇಲೆ ಆ ಅನುಕೂಲ ಹೋಗುತ್ತೆ, ಓದೋಕೆ ಕನ್ನಡಕ ಬೇಕಾಗುತ್ತೆ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. ನಮ್ಮ ದೇಶದ ಹೆಲ್ತ್ ಇನ್ಶೂರೆನ್ಸ್ ಪಾಲಿಸಿಗಳಲ್ಲಿ 7.5 ಡಯಾಪ್ಟರ್‌ಗಿಂತ, ಅಂದ್ರೆ ಏಳೂವರೆ ಪಾಯಿಂಟ್‌ಗಿಂತ ಕಡಿಮೆ ಪವರ್‌ನ ಆಪರೇಷನ್ನು ಸಾಮಾನ್ಯವಾಗಿ ಹೊರಗಿಟ್ಟಿರ್ತಾರೆ, ಅದಕ್ಕಿಂತ ಜಾಸ್ತಿ ಇದ್ರೆ ಮೊದ್ಲೇ ಇನ್ಶೂರೆನ್ಸ್‌ನವರ ಹತ್ರ ಬರವಣಿಗೇಲಿ ಕೇಳಿ. ಆಸ್ಪತ್ರೇಲಿ ಪ್ಯಾಕೇಜ್ ಅಂದ್ರೆ ಟೆಸ್ಟು, ಡ್ರಾಪ್ಸು, ಆಮೇಲಿನ ಚೆಕಪ್ಪು ಎಲ್ಲಾ ಸೇರಿದ್ಯಾ, ಮುಂದೆ ಸ್ವಲ್ಪ ಪವರ್ ಉಳಿದ್ರೆ ಮತ್ತೆ ಮಾಡೋಕೆ ದುಡ್ಡು ಬೇರೇನಾ ಅಂತ ಕೇಳಿ. ಈ ವಾರ ಮಾತ್ರ ಆಫರ್ ಅಂದ್ರೆ ಆ ವಾರ ದಾಟಿಸಿ.

ಡೇಟ್ ಇಡೋದ್ರಲ್ಲೂ ಲೆಕ್ಕ ಇದೆ. ಮದುವೆಗೆ ಮುಂಚೆ ಹುಡುಗಿಗೆ ಕನ್ನಡಕ ತೆಗೆಸ್ಬೇಕು ಅಂತ ಎಷ್ಟೋ ಮನೇಲಿ ಓಡಾಡ್ತಾರೆ, ಛತ್ರ ಬುಕ್ ಆದ್ಮೇಲೆ ನೆನಪಾಗುತ್ತೆ. ಕಾಡಿಗೆ, ಐಲೈನರ್, ಹೋಮದ ಹೊಗೆ, ರಾತ್ರಿಯಿಡೀ ನಿದ್ದೆ ಇಲ್ದಿರೋದು ಇದೆಲ್ಲಾ ಹೊಸ ಕಣ್ಣಿಗೆ ಆಗಲ್ಲ, ಮದುವೆಗೆ ಎರಡು ಮೂರು ತಿಂಗಳು ಮುಂಚೆನೇ ಮುಗಿಸ್ಬಿಡಿ. ದೀಪಾವಳಿ ಪಟಾಕಿ ಹೊಗೆ, ಅಭ್ಯಂಜನದ ಎಣ್ಣೆ ಸೀಗೆಪುಡಿ, ಬಾಗಲಕೋಟೆ ಕಡೆಯವರಾದ್ರೆ ಹೋಳಿ ಬಣ್ಣ, ಇವು ಹತ್ರ ಇರೋ ವಾರ ಬೇಡ. ಸರ್ಕಾರಿ ಕೆಲಸಕ್ಕೆ ಓದ್ತಿರೋರು ಮೊದ್ಲು ನೋಟಿಫಿಕೇಷನ್ ಓದಿ, ರೈಲ್ವೆ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಲ್ಯಾಸಿಕ್ ಆದವರನ್ನ ತಗೊಳ್ಳಲ್ಲ, ಸೇನೆಗೂ ಅದರದ್ದೇ ಷರತ್ತುಗಳಿವೆ, ಆಪರೇಷನ್ ಆದ್ಮೇಲೆ ವಾಪಸ್ ತರೋಕಾಗಲ್ಲ.

ಆ ದಿನ ತಲೆಸ್ನಾನ ಮಾಡ್ಕೊಂಡು ಹೋಗಿ, ಮುಂದೆ ಸುಮಾರು ದಿನ ಆಗಲ್ಲ. ಒಂದೆರಡು ದಿನ ಮುಂಚಿಂದಾನೇ ಕಾಡಿಗೆ ಮೇಕಪ್ ಬಿಡಿ, ಸೆಂಟು ಡಿಯೋಡರೆಂಟು ಹಾಕ್ಬೇಡಿ, ಅದರ ಆವಿ ಲೇಸರ್ ರೂಮಲ್ಲಿ ಇರ್ಬಾರ್ದು. ಡಾಕ್ಟ್ರು ಬೇರೆ ಹೇಳಿಲ್ಲ ಅಂದ್ರೆ ಹಗುರವಾಗಿ ತಿಂಡಿ ತಿನ್ನಿ, ಕಣ್ಣನ್ನ ಮರಗಟ್ಟಿಸೋದು ಬರೀ ಡ್ರಾಪ್ಸಲ್ಲಿ. ಮುಂದೆ ಬಟನ್ ಇರೋ ಶರ್ಟು ಅಥವಾ ಕುರ್ತಾ ಹಾಕಿ, ತಲೆ ಮೇಲಿಂದ ತೆಗೆಯೋದು ಬೇಡ, ಜೊತೆಗೆ ಒಬ್ರು ಬರ್ಲಿ. ಒಳಗೆ ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಹಾಕಿರ್ತಾರೆ, ಹಂಗಾಗಿ ಮಿಟುಕಿಸಿಬಿಟ್ರೆ ಅನ್ನೋ ಭಯ ಬೇಡ. ಲ್ಯಾಸಿಕ್, ಸ್ಮೈಲ್ ಎರಡ್ರಲ್ಲೂ ಒಂದು ರಿಂಗ್ ಕಣ್ಣನ್ನ ಒತ್ತಿ ಹಿಡಿಯುತ್ತೆ, ಆಗ ಕೆಲವು ಸೆಕೆಂಡು ಕತ್ತಲಾದಂಗೆ ಆಗ್ಬಹುದು, ಗಾಬರಿ ಆಗ್ಬೇಡಿ, ಉಸಿರು ನಿಧಾನಕ್ಕೆ ಬಿಡ್ತಾ ಹೇಳಿದ ಲೈಟನ್ನೇ ನೋಡ್ತಿರಿ.

ಮನೆಗೆ ಬಂದ್ಮೇಲೆ ಲ್ಯಾಸಿಕ್, ಸ್ಮೈಲ್ ಆದವರಿಗೆ ಕೆಲವು ಗಂಟೆ ಈರುಳ್ಳಿ ಹೆಚ್ಚಿದಂಗೆ ಉರಿ, ನೀರು, ಬೆಳಕು ನೋಡೋಕಾಗಲ್ಲ. ಡ್ರಾಪ್ಸ್ ಹಾಕ್ಕೊಂಡು ಕರ್ಟನ್ ಎಳೆದು ಮಲಗಿಬಿಡಿ, ಮಾರನೇ ದಿನ ಬಹುತೇಕ ಜನಕ್ಕೆ ಗೋಡೆ ಗಡಿಯಾರ ಕಾಣುತ್ತೆ. ಪಿಆರ್‌ಕೆ ಆದವರಿಗೆ ಎರಡನೇ ಮೂರನೇ ದಿನ ನಿಜವಾಗ್ಲೂ ನೋವಿರುತ್ತೆ, ಕಣ್ಣ ಮೇಲೆ ಬ್ಯಾಂಡೇಜ್ ಲೆನ್ಸ್ ಇಟ್ಟಿರ್ತಾರೆ, ನಾಲ್ಕೈದು ದಿನ ಬಿಟ್ಟು ಡಾಕ್ಟ್ರೇ ತೆಗೀತಾರೆ, ಅದನ್ನ ನೀವು ತೆಗೀಬೇಡಿ. ದೃಷ್ಟಿ ಪೂರ್ತಿ ತಿಳಿಯಾಗೋಕೆ ವಾರಗಳು ಹಿಡಿಯುತ್ತೆ, ಪಕ್ಕದ್ಮನೆ ಹುಡುಗನಿಗೆ ಒಂದೇ ದಿನಕ್ಕೆ ಕಂಡ್ತು ಅಂತ ಹೋಲಿಸ್ಕೊಂಡು ಕೊರಗ್ಬೇಡಿ, ಅವನಿಗೆ ಆಗಿರೋದು ಬೇರೆ ಆಪರೇಷನ್ ಇರಬಹುದು.

ಡ್ರಾಪ್ಸ್ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಎಲ್ಲಾ ಅಡಗಿರೋದು ಇಲ್ಲೇ. ಇನ್ಫೆಕ್ಷನ್ ಆಗ್ದಿರೋಕೆ ಆಂಟಿಬಯಾಟಿಕ್, ಉರಿಯೂತಕ್ಕೆ ಸ್ಟೀರಾಯ್ಡ್, ಒಣಗದಿರೋಕೆ ಕಣ್ಣೀರಿನ ಡ್ರಾಪ್ಸ್, ಮೂರು ಬಾಟ್ಲಿ ಕೊಡ್ತಾರೆ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ 1, 2, 3 ಅಂತ ಬರೆದು ಮೊಬೈಲಲ್ಲಿ ಅಲಾರಂ ಇಡಿ. ಕೈ ಸೋಪಲ್ಲಿ ತೊಳೆದು, ಕೆಳಗಿನ ರೆಪ್ಪೆ ಎಳೆದು, ಆ ಸಂದಿಗೆ ಒಂದು ಹನಿ ಸಾಕು, ಬಾಟ್ಲಿ ತುದಿ ಕಣ್ಣಿಗೂ ರೆಪ್ಪೆಗೂ ತಾಗ್ಬಾರ್ದು. ಒಂದು ಹಾಕಿ ಐದರಿಂದ ಹತ್ತು ನಿಮಿಷ ಬಿಟ್ಟು ಇನ್ನೊಂದು, ಇಲ್ಲಾಂದ್ರೆ ಎರಡನೇದು ಮೊದಲನೇದನ್ನ ತೊಳೆದುಬಿಡುತ್ತೆ, ಜೆಲ್ ಇದ್ರೆ ಕೊನೇಲಿ. ಸ್ಟೀರಾಯ್ಡನ್ನ ನಿಧಾನಕ್ಕೆ ಕಡಿಮೆ ಮಾಡ್ತಾ ಬರ್ತಾರೆ, ಆ ಚೀಟಿ ಪ್ರಕಾರಾನೇ ಹೋಗಿ, ಹಾಯಾಗಿದೆ ಅಂತ ಮೆಡಿಕಲ್ ಶಾಪಲ್ಲಿ ಮತ್ತೆ ಮತ್ತೆ ತಗೊಂಡು ಹಾಕ್ತಾ ಹೋದ್ರೆ ಕಣ್ಣಿನ ಪ್ರೆಶರ್ ಏರಿ ಗ್ಲಕೋಮಾ ಆಗಿ ಇರೋ ದೃಷ್ಟಿನೇ ಹೋಗಬಹುದು. ಚೆಕಪ್ಪಿಗೆ ಕರೆಯೋದು ಆ ಪ್ರೆಶರ್ ನೋಡೋಕೂ ಹೌದು.

ಕಣ್ಣು ಉಜ್ಜಲೇಬಾರ್ದು. ಲ್ಯಾಸಿಕ್ ಫ್ಲಾಪ್ ಮೊದಲ ದಿನಗಳಲ್ಲಿ ಸರಿದುಬಿಡಬಹುದು, ಅದಕ್ಕೇ ರಾತ್ರಿ ಮಲಗುವಾಗ ಪ್ಲಾಸ್ಟಿಕ್ ಶೀಲ್ಡ್ ಅಂಟಿಸ್ಕೊಳ್ಳಿ ಅಂತ ವಾರ ಪೂರ್ತಿ ಹೇಳ್ತಾರೆ. ಚಿಕ್ಕ ಮಕ್ಕಳಿರೋ ಮನೆಯವರು ಮಗೂನ ಪಕ್ಕ ಮಲಗಿಸ್ಕೋಬೇಡಿ, ಅದರ ಬೆರಳು ನೇರ ಕಣ್ಣಿಗೇ ಬರುತ್ತೆ. ಸ್ನಾನ ಕತ್ತಿನ ಕೆಳಗೆ, ತಲೆ ತೊಳೆಯಲೇಬೇಕು ಅಂದ್ರೆ ಡಾಕ್ಟ್ರನ್ನ ಕೇಳಿ, ಪಾರ್ಲರ್ ತರ ಹಿಂದಕ್ಕೆ ಒರಗಿ ಬೇರೆಯವರಿಂದ ತೊಳೆಸ್ಕೊಳ್ಳಿ. ಒಗ್ಗರಣೆ, ಮೆಣಸಿನಕಾಯಿ ಹುರಿಯೋದು ಒಂದು ವಾರ ಮನೇಲಿ ಬೇರೆಯವರು ನೋಡ್ಕೊಳ್ಳಲಿ. ಅಜ್ಜಿ ಪ್ರೀತಿಯಿಂದ ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನು, ಎದೆಹಾಲು ಅಂತ ತರ್ತಾರೆ, ತಂಪಾಗುತ್ತೆ ಅಂತಾರೆ, ಕೈ ಮುಗಿದು ಬೇಡ ಅನ್ನಿ, ಗಾಯ ಆಗಿರೋ ಕಣ್ಣಿಗೆ ಅದರಲ್ಲಿರೋ ಕ್ರಿಮಿ ಸಾಕು. ಈಜು ಒಂದು ತಿಂಗಳು ಬೇಡ, ಕಣ್ಣಿನ ಮೇಕಪ್ ಎರಡು ವಾರ ಬೇಡ, ಕಬಡ್ಡಿ ಕರಾಟೆ ಅಂಥದ್ದು ಡಾಕ್ಟ್ರು ಹೂಂ ಅನ್ನೋ ತನಕ ಬೇಡ. ಬೈಕಲ್ಲಿ ಹಿಂದೆ ಕೂತ್ರೂ ಸುತ್ತಲೂ ಮುಚ್ಚೋ ಕನ್ನಡಕ ಹಾಕಿ, ಮೆಟ್ರೋ ಕೆಲಸ ನಡೀತಿರೋ ರಸ್ತೆ ಧೂಳು ನಿಮಗೆ ಗೊತ್ತು. ಪಿಆರ್‌ಕೆ ಆದವರು ತಿಂಗಳುಗಟ್ಲೆ ಬಿಸಿಲಲ್ಲಿ ಕೂಲಿಂಗ್ ಗ್ಲಾಸ್ ಬಿಡ್ಬಾರ್ದು, ಬಿಸಿಲಿಂದ ಕಾರ್ನಿಯಾದಲ್ಲಿ ಮಸುಕು ಕೂರುತ್ತೆ.

ಕಂಪ್ಯೂಟರ್ ಕೆಲಸದವರು ಎರಡು ದಿನಕ್ಕೇ ಲಾಗಿನ್ ಆಗ್ತಾರೆ, ಆಗಬಹುದು ಕೂಡ, ಆದ್ರೆ ಸ್ಕ್ರೀನ್ ನೋಡುವಾಗ ನಾವು ಮಿಟುಕಿಸೋದೇ ಕಮ್ಮಿ. 20 ನಿಮಿಷಕ್ಕೊಂದ್ಸಲ 20 ಅಡಿ ದೂರ 20 ಸೆಕೆಂಡ್ ನೋಡಿ, ಎಸಿ ಗಾಳಿ ನೇರ ಮುಖಕ್ಕೆ ಬೀಳೋ ಸೀಟಿಂದ ಎದ್ದು ಬೇರೆ ಕಡೆ ಕೂರಿ. ಕಣ್ಣು ಒಣಗೋದು ಇದರ ತೀರಾ ಮಾಮೂಲಿ ತೊಂದರೆ, ಕಾರ್ನಿಯಾದ ನರಗಳು ತುಂಡಾಗಿರುತ್ತೆ, ಅವು ಬೆಳೆಯೋಕೆ ಆರು ತಿಂಗಳಿಂದ ಒಂದು ವರ್ಷ ಬೇಕು, ಅಲ್ಲೀವರೆಗೆ ಬೆಳಿಗ್ಗೆ ಚೆನ್ನಾಗಿ ಕಂಡಿದ್ದು ಸಂಜೆ ಮಬ್ಬಾಗೋದು, ರಾತ್ರಿ ಲೈಟ್ ಸುತ್ತ ಉಂಗುರ ಕಾಣೋದು ಇರುತ್ತೆ. ಬಹುತೇಕರಿಗೆ ಕಡಿಮೆಯಾಗುತ್ತೆ, ಕೆಲವರಿಗೆ ಸ್ವಲ್ಪ ಉಳಿಯುತ್ತೆ, ರಾತ್ರಿ ಲಾರಿ ಟ್ಯಾಕ್ಸಿ ಓಡಿಸೋರು ಇದನ್ನ ಮುಂಚೆನೇ ತೂಗಿ ನೋಡ್ಬೇಕು.

ನೋವು ಕಡಿಮೆ ಆಗೋ ಬದಲು ಜಾಸ್ತಿ ಆಗ್ತಿದ್ರೆ, ಕಾಣ್ತಿದ್ದಿದ್ದು ಇದ್ದಕ್ಕಿದ್ದಂಗೆ ಮಂಜಾದ್ರೆ, ಕೆಂಪಾಗಿ ಪಿಸರು ಬಂದ್ರೆ, ಕಣ್ಣಿಗೆ ಏಟು ಬಿದ್ರೆ, ನಾಳೆ ನೋಡೋಣ ಅನ್ಬೇಡಿ, ಭಾನುವಾರ ಆದ್ರೂ ಫೋನ್ ಮಾಡಿ ಅವತ್ತೇ ಹೋಗಿ. ಎಮರ್ಜೆನ್ಸಿ ನಂಬರ್ ಆಪರೇಷನ್ ದಿನಾನೇ ಕೇಳಿ ತಗೊಂಡಿರಿ. ಇನ್ನೊಂದು, ಮೈನಸ್ ಪವರ್ ಜಾಸ್ತಿ ಇದ್ದೋರ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿರುತ್ತೆ, ಕನ್ನಡಕ ಹೋದ್ರೂ ಉದ್ದ ಕಣ್ಣು ಉದ್ದ ಕಣ್ಣೇ, ರೆಟಿನಾ ಹರಿಯೋ ಸಾಧ್ಯತೆ ಹಂಗೇ ಇರುತ್ತೆ. ವರ್ಷಕ್ಕೊಂದ್ಸಲ ರೆಟಿನಾ ತೋರಿಸಿ, ಮಿಂಚು ಹೊಡೆದಂಗೆ ಆದ್ರೆ, ಕಪ್ಪು ಚುಕ್ಕೆಗಳ ಮಳೆ ಸುರಿದ್ರೆ, ಪರದೆ ಎಳೆದಂಗೆ ಆದ್ರೆ ತಡ ಮಾಡ್ಬೇಡಿ.

ಕೊನೇದಾಗಿ ಫೈಲು. ಆಪರೇಷನ್‌ಗೆ ಮುಂಚಿನ ಪವರ್, ಕಾರ್ನಿಯಾದ ಮ್ಯಾಪ್, ದಪ್ಪ, ಯಾವ ವಿಧಾನ, ಎಷ್ಟು ತೆಗೆದ್ರು, ಎಲ್ಲಾ ಇರೋ ಕಾಗದ ಆಸ್ಪತ್ರೆಯಿಂದ ಕೇಳಿ ತಗೊಳ್ಳಿ, ಫೋಟೋ ತೆಗೆದು ಮೇಲ್‌ನಲ್ಲೂ ಹಾಕಿಟ್ಕೊಳ್ಳಿ. ಮುಂದೆ ವಯಸ್ಸಾಗಿ ಪೊರೆ ಬಂದಾಗ ಒಳಗೆ ಯಾವ ಪವರ್ ಲೆನ್ಸ್ ಇಡ್ಬೇಕು ಅನ್ನೋ ಲೆಕ್ಕ ಲೇಸರ್ ಆದ ಕಣ್ಣಲ್ಲಿ ಸುಲಭವಾಗಿ ತಪ್ಪುತ್ತೆ, ಈ ಹಳೇ ನಂಬರ್‌ಗಳು ಆಗ ಸಹಾಯಕ್ಕೆ ಬರುತ್ತೆ. ಕಣ್ಣಿನ ಪ್ರೆಶರ್ ನೋಡಿದಾಗ್ಲೂ ತೆಳು ಕಾರ್ನಿಯಾದಿಂದ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ, ಹಂಗಾಗಿ ಎಷ್ಟೇ ವರ್ಷ ಆಗಿರ್ಲಿ, ಹೊಸ ಕಣ್ಣಿನ ಡಾಕ್ಟ್ರ ಹತ್ರ ಹೋದ್ರೆ ಕೂತ ತಕ್ಷಣ ನನಗೆ ಲೇಸರ್ ಆಗಿದೆ ಅಂತ ಹೇಳಿ, ಮನೆಯವರಿಗೂ ಆ ಫೈಲ್ ಎಲ್ಲಿದೆ ಅಂತ ತೋರಿಸಿಡಿ.