ಮರಗಸಿ ಕೆಲಸಕ್ಕೆ ಯಂತ್ರ: ಯಾವುದಕ್ಕೆ ಸಾಲ, ಯಾವುದಕ್ಕೆ ಕೈದುಡ್ಡು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವ ಗುತ್ತಿಗೆ ನನ್ನದು. ಅದರ ಜೊತೆಗೆ ಪೇಟೆಯಲ್ಲಿ ಮನೆ ಮೇಲೆ ವಾಲಿದ ಕೊಂಬೆ ಇಳಿಸುವುದು, ಮಳೆಗಾಲದಲ್ಲಿ ಅಡ್ಡ ಬಿದ್ದ ಮರ ತೆಗೆಯುವುದು. ಶುರುವಿನಲ್ಲಿ ಇದ್ದದ್ದು ಕತ್ತಿ ಮತ್ತು ಹಗ್ಗ. ಗರಗಸದ ಮೆಷಿನ್, ಅಂದರೆ ಚೈನ್‌ಸಾ, ಬಾಡಿಗೆಗೆ. ಈಗ ಎರಡು ಚೈನ್‌ಸಾ, ಕೆಳಗಿನಿಂದಲೇ ಕೊಂಬೆ ಕತ್ತರಿಸುವ ಉದ್ದ ಕೋಲಿನ ಒಂದು ಪೋಲ್ ಪ್ರೂನರ್, ಹತ್ತುವವರಿಗೆಲ್ಲ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ (ಹಾರ್ನೆಸ್), ಒಂದು ಪಿಕಪ್ ಇವೆ. ಈ ಕಸುಬಿಗೆ ಬರುವ ಹುಡುಗರು ಫೋನ್ ಮಾಡಿ, "ಅಣ್ಣ, ಲೋನ್ ಎಲ್ಲಿ ಬೇಗ ಆಗುತ್ತೆ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಜುಲೈ ತಿಂಗಳ ಕಂತು ಎಲ್ಲಿಂದ ಕಟ್ಟುತ್ತೀಯ?

ನಮ್ಮ ಆದಾಯ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ರೊಬಸ್ಟಾ ಕೊಯ್ಲು ಮುಗಿದು, ಹೂ ಮಳೆ ಆಗಿ, ಮುಂಗಾರು ಹಿಡಿಯುವ ತನಕ ಮರಗಸಿಯ ಭರಾಟೆ. ಆಗ ತೋಟದವರೆಲ್ಲ ಒಟ್ಟಿಗೆ ಕರೆಯುತ್ತಾರೆ. ಜೂನ್‌ನಲ್ಲಿ ಮಳೆ ಕೂತಿತೆಂದರೆ ಹಾವಸೆ ಹಿಡಿದ ಮರಕ್ಕೆ ಯಾರನ್ನೂ ಹತ್ತಿಸುವಂತಿಲ್ಲ. ಬಿದ್ದ ಮರದ ಕೆಲಸ ಸಿಕ್ಕರೆ ಸಿಕ್ಕಿತು. ಬೆಳೆಗಾರರ ಕೃಷಿ ಸಾಲಕ್ಕೆ ಬೆಳೆ ಬಂದ ಮೇಲೆ ಕಟ್ಟುವ ಪದ್ಧತಿ ಇದೆ, ಅವರ ತೋಟದಲ್ಲೇ ದುಡಿಯುವ ನಮಗೆ ಇಎಂಐ ಮಾತ್ರ ತಿಂಗಳು ತಿಂಗಳು.

ಮೊದಲ ಚೈನ್‌ಸಾ ತಂದದ್ದು ಹೆಂಡತಿಯ ಒಡವೆ ಅಡವಿಟ್ಟು. ಇದನ್ನು ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಆದರೆ ಸಣ್ಣ ಮೊತ್ತಕ್ಕೆ ಬ್ಯಾಂಕಿನ ಚಿನ್ನದ ಸಾಲದಷ್ಟು ಸಲೀಸು ಬೇರೆ ಇಲ್ಲ. ಐಟಿ ರಿಟರ್ನ್ ಕೇಳುವುದಿಲ್ಲ, ಕೈಗೆ ಬಂದಾಗ ಅಸಲು ತೀರಿಸಬಹುದು. ಮರಗಸಿ ಸೀಸನ್ ಶುರುವಾಗುವ ಮುಂಚೆ ತೆಗೆದು, ಸೀಸನ್ ಮುಗಿಯುವಾಗ ಒಡವೆ ಬಿಡಿಸಿಕೊಂಡೆ. ದಿನಾ ಬಾಡಿಗೆಗೆ ಕೊಡುತ್ತಿದ್ದ ದುಡ್ಡೇ ಅದನ್ನು ತೀರಿಸಿತು.

ಹಗ್ಗ, ಹಾರ್ನೆಸ್, ಹೆಲ್ಮೆಟ್, ಕಾಲಿಗೆ ಹಾಕುವ ಚೈನ್‌ಸಾ ಚಾಪ್ಸ್, ಇವುಗಳಿಗೆ ಎಂದೂ ಸಾಲ ಮಾಡಿಲ್ಲ, ಕೈದುಡ್ಡೇ. ಹಗ್ಗ ಒಂದು ಕಡೆ ಜಜ್ಜಿ ಹೋದರೆ, ಎಳೆ ಎದ್ದರೆ, ಅವತ್ತೇ ಕತ್ತರಿಸಿ ಎಸೆಯಬೇಕು. ಕಂತು ಬಾಕಿ ಇರುವ ಹಗ್ಗವನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಇನ್ನೊಂದು ವಾರ ನೋಡೋಣ ಅನ್ನಿಸುತ್ತದೆ. ಮೇಲೆ ಜೋತುಬಿದ್ದಿರುವವನು ನಾನಲ್ಲವಲ್ಲ.

ಎರಡನೇ ಚೈನ್‌ಸಾ ಮತ್ತು ಪೋಲ್ ಪ್ರೂನರ್‌ಗೆ ಮುದ್ರಾ ಸಾಲ, ಸಣ್ಣ ಉದ್ಯಮದವರಿಗೆ ಕೇಂದ್ರ ಸರ್ಕಾರದ ಯೋಜನೆ. 2015ರಲ್ಲಿ ಬಂದ ಈ ಯೋಜನೆಯಲ್ಲಿ 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ಆಸ್ತಿ ಅಡಮಾನ ಇಲ್ಲ. ನನ್ನದು ಕಿಶೋರ್‌ಗೆ ಬಂತು. ಫೈಲ್ ತೆರೆದ ಮ್ಯಾನೇಜರ್ ಮೊದಲು ಕೇಳಿದ್ದು, "ಇದು ಕೃಷಿ ಸಾಲಕ್ಕೆ ಬರುತ್ತೇನ್ರೀ, ಬಿಸಿನೆಸ್ ಸಾಲಕ್ಕೆ ಬರುತ್ತಾ? ಪಹಣಿ ಇದೆಯಾ?" ಪಹಣಿ ಅಪ್ಪನ ಹೆಸರಲ್ಲಿ, ಅದೂ ಮುಕ್ಕಾಲು ಎಕರೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸರ್ಟಿಫಿಕೇಟ್ ತೋರಿಸಿದೆ, ಸೇವಾ ಘಟಕ ಅಂತ ಅದರಲ್ಲಿ ಬರೆದಿತ್ತು. ಪ್ರಶ್ನೆ ಅಲ್ಲಿಗೆ ಮುಗಿಯಿತು. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ. ಅದಕ್ಕೂ ದುಡ್ಡು ಕೀಳುವ ವೆಬ್‌ಸೈಟ್‌ಗಳಿವೆ, ಜೋಪಾನ.

ಮ್ಯಾನೇಜರ್ ನಿಜವಾಗಿ ನೋಡಿದ್ದು ಪಾಸ್‌ಬುಕ್. ತೋಟದವರು ಕೈಗೆ ನೋಟು ಕೊಡುವುದು ನಮ್ಮ ಕಡೆ ವಾಡಿಕೆ. ಸಾಲಕ್ಕೆ ಹಾಕುವ ಎರಡು ಸೀಸನ್ ಮುಂಚಿನಿಂದಲೇ, "ಸಾರ್, ಅಕೌಂಟಿಗೇ ಹಾಕಿಬಿಡಿ" ಅಂತ ಕೇಳಿಕೊಂಡಿದ್ದೆ. ಒಂದೇ ತೋಟದ ಹೆಸರು ವರ್ಷ ವರ್ಷ ಅದೇ ತಿಂಗಳಲ್ಲಿ ಬಂದಿರುವುದನ್ನು ಅವರು ಬೆರಳಿಟ್ಟು ನೋಡಿದರು. ನಾನು ಬಾಯಲ್ಲಿ ಎಷ್ಟು ಹೇಳಿದ್ದರೂ ಅಷ್ಟು ನಂಬುತ್ತಿರಲಿಲ್ಲ.

ಮಾರ್ಜಿನ್, ಅಂದರೆ ನಮ್ಮ ಕೈಯಿಂದ ಹಾಕುವ ಪಾಲು, ನೂರಕ್ಕೆ ಇಪ್ಪತ್ತು ಕೇಳಿದರು. ಕೊಟೇಶನ್ ಕೊಟ್ಟ ಡೀಲರ್ ಖಾತೆಗೇ ಬ್ಯಾಂಕ್ ನೇರವಾಗಿ ಹಣ ಹಾಕಿತು. ನಮ್ಮ ಕೈಗೆ ಬರುವುದಿಲ್ಲ. ಇಲ್ಲಿ ಒಂದು ಲೆಕ್ಕ ಗಮನಿಸಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದು ಜಿಎಸ್‌ಟಿ ನೋಂದಣಿ ಮಾಡಿಸದವರಿಗೆ ಯಂತ್ರದ ಮೇಲೆ ಕಟ್ಟಿದ 18% ವಾಪಸ್ ಬರುವುದಿಲ್ಲ. ಅದೂ ಯಂತ್ರದ ಬೆಲೆಯೇ. ಆದ್ದರಿಂದ ಕೊಟೇಶನ್ ತೆರಿಗೆ ಸೇರಿಸಿಯೇ ತೆಗೆದುಕೊಳ್ಳಿ. ಆಮೇಲೆ ಫೀಲ್ಡ್ ಆಫೀಸರ್ ಬಂದು, ಚೈನ್‌ಸಾದ ಕಿತ್ತಳೆ ಕವಚದ ಮೇಲೆ ಬ್ಯಾಂಕಿನ ಹೆಸರು ಪೇಂಟಲ್ಲಿ ಬರೆಸಿ, ಅದನ್ನು ನನ್ನ ಕೈಯಲ್ಲಿ ಹಿಡಿಸಿ ಫೋಟೊ ತೆಗೆದುಕೊಂಡು ಹೋದರು. ಪೆಟ್ರೋಲ್, ಎಣ್ಣೆ, ಮರದ ಪುಡಿ ತಾಗಿ ಎರಡೇ ತಿಂಗಳಲ್ಲಿ ಅಕ್ಷರ ಅಳಿಸಿತು. ಸಾಲ ಅಷ್ಟು ಬೇಗ ಅಳಿಯಲಿಲ್ಲ.

ಮೂರು ತಿಂಗಳಿಗೊಮ್ಮೆ ಕಂತು ಮಾಡಿಕೊಡಿ ಎಂದು ಕೇಳಿದ್ದಕ್ಕೆ ಆಗುವುದಿಲ್ಲ ಎಂದರು. ಹಾಗಾಗಿ ದಾರಿ ನಾನೇ ಮಾಡಿಕೊಂಡೆ: ಬೇರೊಂದು ಉಳಿತಾಯ ಖಾತೆ. ಮರಗಸಿ ನಡೆಯುವ ತಿಂಗಳುಗಳಲ್ಲಿ ಪ್ರತಿ ತೋಟದ ಬಿಲ್ ಬಂದ ದಿನವೇ ಒಂದು ಪಾಲು ಅದಕ್ಕೆ ಹೋಗುತ್ತದೆ. ಜೂನ್ ಒಂದನೇ ತಾರೀಖಿಗೆ ಅದರಲ್ಲಿ ನಾಲ್ಕು ತಿಂಗಳ ಕಂತು ಇರಲೇಬೇಕು. ಇಲ್ಲದಿದ್ದರೆ ಕಂತು ಬೌನ್ಸ್ ಆಗಿ ದಂಡ, ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ.

ಪಿಕಪ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ನಮ್ಮಂಥವರು ಹೆಚ್ಚು ಕಳೆದುಕೊಳ್ಳುವುದು ಅಲ್ಲೇ. ಫೈನಾನ್ಸ್‌ನವರು ಹೇಳಿದ್ದು "ಬರೀ ಹತ್ತು ಪರ್ಸೆಂಟ್". ಬ್ಯಾಂಕ್ ಹೇಳಿದ್ದು ಹನ್ನೊಂದೂವರೆ. ಕೇಳಲು ಹತ್ತೇ ಚೆಂದ. ಆದರೆ ಫೈನಾನ್ಸ್‌ನವರದು ಫ್ಲಾಟ್ ಬಡ್ಡಿ, ಅಸಲು ಕರಗುತ್ತಾ ಹೋದರೂ ಬಡ್ಡಿ ಪೂರ್ತಿ ಮೊತ್ತದ ಮೇಲೆ. 3 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 90 ಸಾವಿರ, ಕಂತು 10,833. ಇಳಿಯುವ ಬಾಕಿಯ ಲೆಕ್ಕಕ್ಕೆ ತಂದರೆ ಅದು ಹತ್ತಿರ ಹತ್ತಿರ ಹದಿನೆಂಟು ಪರ್ಸೆಂಟ್. ಬ್ಯಾಂಕಿನ ಹನ್ನೊಂದೂವರೆಯಲ್ಲಿ ಅದೇ 3 ಲಕ್ಷಕ್ಕೆ ಕಂತು 9,900ರ ಒಳಗೆ, ಒಟ್ಟು ಬಡ್ಡಿ 56 ಸಾವಿರದ ಚಿಲ್ಲರೆ. ವ್ಯತ್ಯಾಸ ಸುಮಾರು 34 ಸಾವಿರ. ಬ್ಯಾಂಕಿನವರು ಕಾಗದ ಜಾಸ್ತಿ ಕೇಳಿದರು, ತಡವೂ ಆಯಿತು; 34 ಸಾವಿರಕ್ಕೆ ಕಾಯಬಹುದು ಅಂತ ಕಾದೆ. ಈಗ ಸಾಲ ಕೊಡುವವರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಬೇಕು, 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ. ಅದರಲ್ಲಿ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರ ಎಪಿಆರ್ ಅಂತ ಇರುತ್ತದೆ. ಸಹಿಗೆ ಮುಂಚೆ ಆ ಒಂದು ಸಾಲು ಓದಿ.

ಇನ್ನೂ ಕೆಲಸ ಶುರು ಮಾಡದವರು ಪಿಎಂಇಜಿಪಿ, ಅಂದರೆ ಸಬ್ಸಿಡಿ ಇರುವ ಕೇಂದ್ರದ ಸಾಲ ಯೋಜನೆ, ನೋಡಬಹುದು. ಈಗ ಹೇಳುವ ಸಬ್ಸಿಡಿ ಹೊಸ ಘಟಕಕ್ಕೆ, ಹಾಗಾಗಿ ನನಗೆ ಸಿಗಲಿಲ್ಲ. ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ. ಹಳ್ಳಿಯಲ್ಲಾದರೆ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದವರಿಗೆ 35% ಸಬ್ಸಿಡಿ. ಆ ದುಡ್ಡು ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ, ಕೈಗೆ ಬರುವುದಿಲ್ಲ ಎಂಬುದನ್ನು ತಿಳಿದೇ ಅರ್ಜಿ ಹಾಕಿ.

ಸಾಲದ ಲೆಕ್ಕದಲ್ಲಿ ವಿಮೆಯನ್ನೂ ಸೇರಿಸಿಕೊಳ್ಳಿ. ಬ್ಯಾಂಕ್ ಕೇಳುವುದು ಯಂತ್ರದ ವಿಮೆ. ಹತ್ತುವ ಹುಡುಗರದ್ದು ಯಾರೂ ಕೇಳುವುದಿಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಲ್ಲರಿಗೂ ಮಾಡಿಸಿದ್ದೇನೆ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಅದು ಸಾಲದು. ಕಾರ್ಮಿಕರ ಪರಿಹಾರದ ಪಾಲಿಸಿ ಬೇರೆಯೇ ಇದೆ, ಅದರ ಪ್ರೀಮಿಯಂ ಸೀಸನ್ ಮುಂಚೆಯೇ ಎತ್ತಿಡುತ್ತೇನೆ.

ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಬಕೆಟ್ ಲಿಫ್ಟ್ ಗಾಡಿ ಕೊಳ್ಳುವ ಆಸೆ ಇಲ್ಲ. ಪೇಟೆ ಕೆಲಸಕ್ಕೆ ಬೇಕಾದಾಗ ಹಾಸನದಿಂದ ಬಾಡಿಗೆಗೆ ತರಿಸಿ ಗಿರಾಕಿಯ ಬಿಲ್ಲಿಗೇ ಸೇರಿಸುತ್ತೇನೆ; ತೋಟದ ಇಳಿಜಾರಿಗೆ ಅದು ಇಳಿಯುವುದೂ ಇಲ್ಲ. ಕೊಂಬೆ ಪುಡಿ ಮಾಡುವ ಚಿಪ್ಪರ್ ಮಾತ್ರ ತಲೆಯಲ್ಲಿದೆ. ಸದ್ಯ ನಮ್ಮಲ್ಲಿ ದಪ್ಪ ಕೊಂಬೆ ಸೌದೆಗೆ ಹೋಗುತ್ತದೆ, ಸೊಪ್ಪು ಗಿಡದ ಬುಡಕ್ಕೆ. ಪುಡಿ ಮಾಡಿದ್ದಕ್ಕೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲ. ಆದರೆ ಎರಡು ಮೂರು ತೋಟದವರು ಗಿಡದ ಬುಡಕ್ಕೆ ಹೊದಿಸುವ ಮುಚ್ಚಿಗೆಗೆ ಬೇಕು ಅಂತ ಕೇಳಿದ್ದಾರೆ. ಮುಂದಿನ ಸೀಸನ್‌ಗೆ ದರ ಒಪ್ಪಿ ಮುಂಗಡ ಕೊಟ್ಟರೆ ಕೊಟೇಶನ್ ತರಿಸುತ್ತೇನೆ, ಅಲ್ಲಿಯವರೆಗೆ ಇಲ್ಲ.